ಇರುವೆಯ ಬಲಗಾಲು

2023ರ ಜೂನ್ 14, ಬುಧವಾರ, ಬೆಳಗ್ಗೆ ಏಳು ಗಂಟೆ ಐವತ್ತೆಂಟು ನಿಮಿಷ. ಸತ್ಯಭಾಮಾ ದಿವಾ ಮತ್ತು ಮುಂಬ್ರಾ ಸ್ಟೇಷನ್‌ಗಳ ನಡುವೆ, ಸ್ಲೋ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ನಿಂತು, ಎಡಗೈಯಲ್ಲಿ ಮೇಲಿನ ಹಿಡಿಕೆ, ಬಲಗೈಯಲ್ಲಿ ಮೊಬೈಲ್ ಹಿಡಿದು, ತಾವು ದುಡಿಯುವ ಸ್ಟುಡಿಯೊದಿಂದ ಬಂದ ಹನ್ನೆರಡು ಪುಟದ ಒಂದು ಸಂಶೋಧನಾ ಪ್ರಬಂಧ ಓದುತ್ತಿದ್ದರು. ಐದನೆಯ ಪುಟದಲ್ಲಿ ಒಂದು ಇರುವೆಯ ಚಿತ್ರವಿತ್ತು. ಎಂಟು ಹಂತಗಳಲ್ಲಿ ಅದು ನಡೆಯುವುದನ್ನು ತೋರಿಸಿದ್ದರು. ನಡುವಿನ ಎಡಗಾಲು ಉಳಿದ ಕಾಲುಗಳಿಗಿಂತ ಒಂದಿಷ್ಟು ತಡವಾಗಿ ಏಳುತ್ತಿತ್ತು. ಆ ತಡವನ್ನು 2019ರಲ್ಲಿ ಇಟ್ಟವರು ಸತ್ಯಭಾಮಾ ಅವರೇ. ಎರಡು ದಿನ ಕೂತು ಇಟ್ಟಿದ್ದರು.

ಮೊದಲ ಪುಟದಲ್ಲಿ ನಾಲ್ಕು ಹೆಸರುಗಳಿದ್ದವು. ಮೊದಲನೆಯದು ಶೈಲೇಶ್, ಅವರೇ ಕೆಲಸ ಕಲಿಸಿದ ಹುಡುಗ. ಉಳಿದ ಮೂವರನ್ನು ಸತ್ಯಭಾಮಾ ಕ್ಯಾಂಟೀನಿನಲ್ಲಿ ಕಂಡಿದ್ದರು, ಅಷ್ಟೆ. ಸತ್ಯಭಾಮಾರ ಹೆಸರು ಅಲ್ಲಿರಲಿಲ್ಲ. ಕೊನೆಯ ಪುಟದ ಕೃತಜ್ಞತೆಯಲ್ಲಿ ಸ್ಟುಡಿಯೊದ ಆಡಳಿತ ವರ್ಗವಿತ್ತು, ಕಂಪ್ಯೂಟರುಗಳನ್ನು ನೋಡಿಕೊಳ್ಳುವ ವಿಭಾಗವಿತ್ತು, ಅಲ್ಲಿಯೂ ಇರಲಿಲ್ಲ. ಠಾಣೆಯಲ್ಲಿ ಇಳಿದು ನವಿ ಮುಂಬಯಿಯ ಗಾಡಿ ಹಿಡಿಯಬೇಕಿತ್ತು. ಎರಡು ಗಾಡಿಗಳು ಹೋಗುವ ತನಕ ಅವರು ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕುಳಿತು ಪ್ರಬಂಧವನ್ನು ಮೊದಲಿನಿಂದ ಮತ್ತೊಮ್ಮೆ ಓದಿದರು. ಹನ್ನೊಂದು ವರ್ಷದ ನೌಕರಿಯಲ್ಲಿ ಅಂದು ಮೊದಲ ಸಲ ತಡವಾಗಿ ಹೋದರು.

ಸತ್ಯಭಾಮಾ ಹುಟ್ಟಿದ್ದು ಕಲ್ಯಾಣದಲ್ಲಿ. ತಂದೆ ಯಜ್ಞೇಶ್ವರ ಉಡುಪಿಯಿಂದ ಬಂದು ಕಲ್ಯಾಣದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮೂವತ್ತು ವರ್ಷ ಅಡಿಗೆ ಮಾಡಿದವರು. ಮಗಳು ಅಲ್ಲಿಯ ಕಾಲೇಜಿನಲ್ಲಿಯೇ ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದಳು, ಮರುವರ್ಷವೇ ಮದುವೆಯಾಗಿ ಠಾಕುರ್ಲಿಗೆ ಬಂದಳು. ಗಂಡ ಮಧ್ವರಾಜರಿಗೆ ಸ್ಟೇಷನ್ ಪಕ್ಕ ಹನ್ನೊಂದು ಮೇಜಿನ ಹೋಟೆಲು. ಮಗಳು ಸಂಜನಾ ಶಾಲೆಗೆ ಹೋಗತೊಡಗಿದ ಮೇಲೆ, 2012ರಲ್ಲಿ, ಮಹಾಪೆಯ ಒಂದು ಅನಿಮೇಷನ್ ಸ್ಟುಡಿಯೊ ಕೆಲಸಗಾರರನ್ನು ಹುಡುಕುತ್ತಿದೆ ಎಂದು ಗೊತ್ತಾಗಿ ಪರೀಕ್ಷೆಗೆ ಹೋದರು. ಒಬ್ಬ ಮನುಷ್ಯ ನಡೆಯುವುದನ್ನು ಬಿಡಿಸಿ ಎಂದಿದ್ದರು. ಇತರರು ಮನುಷ್ಯನನ್ನು ಬಿಡಿಸಿದರು. ಸತ್ಯಭಾಮಾ ಮನುಷ್ಯನ ಬದಲು ಮೊಣಕಾಲು ಎಷ್ಟು ಹೊತ್ತಿಗೆ ಎಷ್ಟು ಡಿಗ್ರಿ ಮಡಚುತ್ತದೆ ಎಂಬುದರ ಗ್ರಾಫ್ ಬರೆದುಕೊಟ್ಟರು. ಕೆಲಸ ಸಿಕ್ಕಿತು.

ಆ ಕೆಲಸ ಏನೆಂದು ಹೇಳಬೇಕು. ಮೈತುಂಬ ಸೆನ್ಸರ್ ಇರುವ ಅಂಗಿ ತೊಟ್ಟು ಒಬ್ಬ ನಟ ನಡೆಯುತ್ತಾನೆ, ಓಡುತ್ತಾನೆ, ಬೀಳುತ್ತಾನೆ. ಅವನ ಕೀಲುಗಳ ಚಲನೆ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ಆ ಚಲನೆಯನ್ನು ಒಂದು ಚಿತ್ರದ ಪಾತ್ರಕ್ಕೆ ತೊಡಿಸಬೇಕು. ಪಾತ್ರವೂ ಮನುಷ್ಯನೇ ಆದರೆ ಕಷ್ಟವಿಲ್ಲ. ಮೊಣಕಾಲಿಗೆ ಮೊಣಕಾಲು, ಭುಜಕ್ಕೆ ಭುಜ. ಆದರೆ ಮಕ್ಕಳ ಸರಣಿಗಳಲ್ಲಿ ನಡೆಯುವುದು ಇರುವೆ, ಏಡಿ, ಜರಿಹುಳ. ಎರಡು ಕಾಲಿನ ನಡೆ ಆರು ಕಾಲಿಗೆ ಹಂಚಿಹೋಗಬೇಕು, ಆದರೂ ನಟನ ಗತ್ತು ಉಳಿಯಬೇಕು. ಯಾವ ಕೀಲು ಯಾವ ಕೀಲಿಗೆ ಎಂದು ಯಾವ ಪುಸ್ತಕವೂ ಹೇಳುವುದಿಲ್ಲ. ಸತ್ಯಭಾಮಾ ಇದನ್ನು ಕೈಯಿಂದ ಮಾಡುತ್ತಿದ್ದರು. ಮೂರು ಸೆಕೆಂಡು, ಐದು ಸೆಕೆಂಡಿನ ತುಣುಕುಗಳು. ಪ್ರತಿಯೊಂದಕ್ಕೂ ಎರಡು ಫೈಲು: ಮನುಷ್ಯನ ನಡೆಯದ್ದು ಒಂದು, ಅದನ್ನು ತೊಟ್ಟ ಪ್ರಾಣಿಯದ್ದು ಇನ್ನೊಂದು. 2016ರಿಂದ ಅಂಥ 4,312 ಜೋಡಿಗಳನ್ನು ಅವರು ಮಾಡಿದ್ದರು.

ಅದೇ 2016ರಲ್ಲಿ ಶೈಲೇಶ್ ಬಂದ. ಟಿಟ್ವಾಳಾದ ಹುಡುಗ. ಅವನ ತಂದೆ ಲೀಲಾಧರ ಕಾರ್ಕಳದಿಂದ ಬಂದು ಡೊಂಬಿವಲಿಯ ಹೋಟೆಲುಗಳಲ್ಲಿ ದುಡಿದವರು, ಮಧ್ವರಾಜರಿಗೆ ಪರಿಚಯ. ಆ ಪರಿಚಯದಲ್ಲಿ ಸತ್ಯಭಾಮಾ ತಾವೇ ಹೇಳಿ ಅವನನ್ನು ಸೇರಿಸಿದರು, ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ಎರಡು ವರ್ಷ ಕಲಿಸಿದರು. ಏಡಿಯನ್ನು ಅಡ್ಡಡ್ಡ ನಡೆಸುವಾಗ ನಟನ ಸೊಂಟವನ್ನು ಎಲ್ಲಿಗೆ ಕಟ್ಟಬೇಕು ಎಂಬುದನ್ನು ಅವನಿಗೆ ಹೇಳಿಕೊಟ್ಟದ್ದು ಕ್ಯಾಂಟೀನಿನ ಮೇಜಿನ ಮೇಲೆ, ಎರಡು ಚಮಚ ಮತ್ತು ಒಂದು ಉಪ್ಪಿನ ಡಬ್ಬಿ ಇಟ್ಟು. ಅವನು ಅವರನ್ನು ಅಕ್ಕ ಎನ್ನುತ್ತಿದ್ದ. ಶನಿವಾರ ಠಾಕುರ್ಲಿಯ ಹೋಟೆಲಿಗೆ ಬಂದು ಊಟ ಮಾಡುತ್ತಿದ್ದ. ಆಮೇಲೆ ಅವನು ಕೋರ್ಸು ಮಾಡಿ ಮಷೀನ್ ಲರ್ನಿಂಗ್ ಕಲಿತು ಮೇಲಿನ ಮಹಡಿಗೆ ಹೋದ. ಒಂದು ದಿನ ಬಂದು, ಅಕ್ಕ, ನಿಮ್ಮ ಹಳೆ ಫೈಲುಗಳಿಗೆ ಒಂದು ಬ್ಯಾಕಪ್ ಇಡ್ತೇನೆ, ಡಿಸ್ಕ್ ಹಾಳಾದ್ರೆ ಕಷ್ಟ ಎಂದ. ಅವರು ಪಾಸ್‌ವರ್ಡ್ ಬರೆದುಕೊಟ್ಟರು.

ಆ 4,312 ಜೋಡಿಗಳನ್ನು ನೋಡಿ ನೋಡಿಯೇ ಅವನ ಮಾಡೆಲ್, ಅಂದರೆ ಉದಾಹರಣೆಗಳಿಂದ ಕಲಿಯುವ ಅವನ ಕಂಪ್ಯೂಟರ್ ಪ್ರೋಗ್ರಾಂ, ಕಲಿತಿತ್ತು. ಈಗ ಅದಕ್ಕೆ ಮನುಷ್ಯನ ನಡೆ ಕೊಟ್ಟರೆ ನಾಲ್ಕು ಸೆಕೆಂಡಿನಲ್ಲಿ ಇರುವೆಯ ನಡೆ ಕೊಡುತ್ತಿತ್ತು. ಪ್ರಬಂಧ ಇದ್ದದ್ದು ಅದರ ಬಗ್ಗೆಯೇ.

ಜೂನ್ 14ರ ಮಧ್ಯಾಹ್ನ ಸತ್ಯಭಾಮಾ ಮೇಲಿನ ಮಹಡಿಗೆ ಹೋಗಿ ಅವನ ಎದುರು ಕೂತರು.

"ನನ್ನ ಹೆಸರು ಎಲ್ಲುಂಟು ಶೈಲೇಶಾ?"

"ಅಕ್ಕ, ಅದು ಡೇಟಾ ಅಲ್ವಾ. ಡೇಟಾಕ್ಕೆಲ್ಲ ಹೆಸರು ಹಾಕುವ ಪದ್ಧತಿ ಇಲ್ಲ."

"ಡೇಟಾ ಎಂತ, ಮರದಲ್ಲಿ ಬಿಟ್ಟದ್ದಾ?"

"ಹಾಗಲ್ಲ. ಸ್ಟುಡಿಯೊದ್ದು ಅದು. ನೀವು ಮಾಡದಿದ್ರೆ ಬೇರೆ ಯಾರೋ ಮಾಡ್ತಿದ್ರು."

ಇಷ್ಟು ಹೇಳಿ ಅವನು ಕಂಪ್ಯೂಟರಿನ ಕಡೆ ತಿರುಗಿದ. ಸತ್ಯಭಾಮಾ ಕೆಳಗೆ ಇಳಿದು ಬಂದರು. ಬೇರೆ ಯಾರೋ ಎಂಬ ಆ ಎರಡು ಶಬ್ದಗಳನ್ನು ಅವರು ಆ ವಾರ ಗಂಡನಿಗೆ ಕನಿಷ್ಠ ಆರು ಸಲ ಹೇಳಿರಬೇಕು. ವಾರದ ಕೊನೆಗೆ ಆಫೀಸಿನಿಂದ ಒಂದು ಪತ್ರ ಬಂತು: ಕೈಯಿಂದ ಮಾಡುವ ವಿಭಾಗ ಸೆಪ್ಟೆಂಬರ್ 30ಕ್ಕೆ ಮುಚ್ಚುತ್ತದೆ. ಅಲ್ಲಿಯ ತನಕ ಸತ್ಯಭಾಮಾ ಮಾಡೆಲ್ ಕೊಟ್ಟ ತುಣುಕುಗಳನ್ನು ನೋಡಿ ಸರಿ ಅಥವಾ ತಪ್ಪು ಎಂದು ಗುರುತು ಹಾಕಬೇಕು.

ನೌಕರಿ ಹೋಗುವುದು ಅವರಿಗೆ ದೊಡ್ಡ ಸಂಗತಿಯಾಗಿರಲಿಲ್ಲ, ಹೋಟೆಲು ಇತ್ತು. ಅವರಿಗೆ ಬೇಕಾದದ್ದು ಒಂದೇ. ಆ ಕೆಲಸ ಯಾರ ಕೈಯದ್ದು ಎಂದು ಶೈಲೇಶ್ ಬಾಯಿಬಿಟ್ಟು ಹೇಳಬೇಕು. ತಮ್ಮೊಬ್ಬರ ಹತ್ತಿರ ಅಲ್ಲ, ಮೇಲಿನ ಮಹಡಿಯಲ್ಲಿ, ಎಲ್ಲರ ಎದುರು. ಅವನ ಮುಖ ಕೆಳಗಾಗಿ ಹೇಳಬೇಕು.

ಸೇಡು ಸಣ್ಣದರಿಂದ ಶುರುವಾಯಿತು. ಶನಿವಾರ ಅವನು ಹೋಟೆಲಿಗೆ ಬಂದಾಗ ಅವನ ತಟ್ಟೆಗೆ ಎರಡನೆಯ ಸಲ ಸಾಂಬಾರ್ ಹಾಕಬಾರದು ಎಂದು ಗಂಡನಿಗೆ ತಾಕೀತು ಮಾಡಿದರು.

"ಸಾಂಬಾರ್ ಕೇಳಿದವರಿಗೆ ಇಲ್ಲ ಅನ್ಲಿಕ್ಕೆ ಇದು ಹೋಟೆಲು ಮಾರಾಯ್ತಿ, ಕೋರ್ಟಲ್ಲ," ಎಂದರು ಮಧ್ವರಾಜ.

"ಹಾಗಾದ್ರೆ ತಣ್ಣಗಿನದ್ದು ಹಾಕಿ."

ಮಧ್ವರಾಜ ಬಿಸಿಯದ್ದನ್ನೇ ಹಾಕಿಸಿದರು. ಹೆಂಡತಿಗೆ ಮಾತ್ರ ತಣ್ಣಗಿತ್ತು ಎಂದು ಹೇಳಿದರು.

ಜುಲೈ 22, ಶನಿವಾರ. ಸಂಜನಾ ಆಗ ಡೊಂಬಿವಲಿಯ ಕಾಲೇಜಿನಲ್ಲಿ ಮೊದಲನೆಯ ವರ್ಷ, ಎನ್.ಸಿ.ಸಿ. ಸೇರಿದ್ದಳು. ಆಗಸ್ಟ್ 15ರ ಪರೇಡಿಗೆ ಮನೆಯ ಉದ್ದದ ಪ್ಯಾಸೇಜಿನಲ್ಲಿ ಅಭ್ಯಾಸ ಮಾಡುತ್ತಿದ್ದಳು. ಸತ್ಯಭಾಮಾ ಬೀನ್ಸ್ ಹೆಚ್ಚುತ್ತ ನೋಡುತ್ತಿದ್ದರು. ಪ್ರತಿ ಸಲವೂ ಮಗಳು ಎಡಗಾಲಿಂದ ಹೊರಡುತ್ತಿದ್ದಳು. ಬಲಗಾಲು ಮುಂದಿಡು ಮಗ, ಒಳ್ಳೇ ಕೆಲಸಕ್ಕೆ ಹೋಗುವಾಗ ಎಡಗಾಲು ಎಂತಕ್ಕೆ ಎಂದು ಸಹಜವಾಗಿ ಹೇಳಿದರು. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಹಿಂದಿಯಲ್ಲಿ.

"ಅಮ್ಮಾ, ಪರೇಡ್ ಮೇ ಪೆಹಲಾ ಕದಮ್ ಹಮೇಶಾ ಬಾಯಾ. ಪೂರೀ ದುನಿಯಾ ಮೇ ಬಾಯಾ. ತುಮ್ಹಾರೀ ಫೌಜ್ ಅಲಗ್ ಹೈ ಕ್ಯಾ?"

ಎಡಗಾಲೇ ಮೊದಲು, ಎಲ್ಲ ಕಡೆಯೂ; ಅಮ್ಮನ ಸೈನ್ಯವೇನು ಬೇರೆಯೇ? ಸತ್ಯಭಾಮಾ ಚೂರಿ ಕೆಳಗಿಟ್ಟರು.

ಅವರ ಮನೆಗಳಲ್ಲಿ ಇದು ಹೇಳಿ ಕಲಿಸುವ ಸಂಗತಿಯೇ ಅಲ್ಲ. ಹೊಸ ಸೊಸೆ ಹೊಸಿಲು ದಾಟುವುದು ಬಲಗಾಲಿಟ್ಟು. ಮಧ್ವರಾಜ ದಿನಾ ಬೆಳಗ್ಗೆ ಐದೂವರೆಗೆ ಶಟರ್ ಎತ್ತಿ ಬಲಗಾಲಿಟ್ಟೇ ಹೋಟೆಲಿನ ಒಳಗೆ ಹೋಗುತ್ತಾರೆ. ಮರೆತು ಎಡಗಾಲಿಟ್ಟರೆ ಹೊರಗೆ ಬಂದು ಮತ್ತೆ ಹೋಗುತ್ತಾರೆ. ಕೆಲಸಕ್ಕೆ ಸೇರುವವರನ್ನೂ ಹಾಗೆಯೇ ಒಳಗೆ ಕರೆದುಕೊಳ್ಳುತ್ತಾರೆ. ಪಾತ್ರವೊಂದನ್ನು ಪರದೆಯೊಳಗೆ ತರುವಾಗ ಸತ್ಯಭಾಮಾರ ಕೈಯೂ ಅದನ್ನೇ ಮಾಡುತ್ತಿತ್ತು. ನಟ ಎಡಗಾಲಿಂದ ಹೊರಟಿದ್ದರೆ, ಪ್ರಾಣಿಗೆ ತೊಡಿಸುವಾಗ ಆ ನಡೆಯನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿಬಿಡುತ್ತಿದ್ದರು. ಇರುವೆಯಾದರೆ ಮುಂದಿನ ಬಲಗಾಲು. ಏಡಿಯಾದರೆ ಬಲಮಗ್ಗುಲಿನ ಮೊದಲ ಕಾಲು. ಹಾವಿಗೆ ಕಾಲಿಲ್ಲ, ಅದರ ತಲೆ ಮೊದಲು ಬಲಕ್ಕೆ ಹೊರಳುತ್ತಿತ್ತು. ಇದನ್ನು ಅವರು ಎಂದೂ ನಿರ್ಧರಿಸಿ ಮಾಡಿದ್ದಲ್ಲ. ಆರು ಕಾಲಿನ ಪ್ರಾಣಿ ಯಾವ ಕಾಲಿಂದ ಹೊರಟಿತು ಎಂದು ನೋಡುವ ಮಗು ಎಲ್ಲಿಯೂ ಇಲ್ಲ, ಆದ್ದರಿಂದ ಯಾರೂ ಕೇಳಿರಲಿಲ್ಲ.

ಸೋಮವಾರ ಅವರು ಮಾಡೆಲ್ ಹೊಸದಾಗಿ ಮಾಡಿದ ಐವತ್ತು ತುಣುಕುಗಳನ್ನು ತೆಗೆದರು. ಅವು ಅವರ ಕೈ ಸೋಕದವು. ನಟರು ಇಪ್ಪತ್ತೇಳರಲ್ಲಿ ಎಡಗಾಲಿಂದ, ಇಪ್ಪತ್ತಮೂರರಲ್ಲಿ ಬಲಗಾಲಿಂದ ಹೊರಟಿದ್ದರು. ಪ್ರಾಣಿಗಳು ಐವತ್ತಕ್ಕೆ ಐವತ್ತರಲ್ಲೂ ಬಲಗಾಲಿಂದ ಹೊರಟಿದ್ದವು. ಒಂದು ತುಣುಕನ್ನು ಅವರು ತಾವೇ ತಿರುಗಿಸಿ, ಅದೇ ನಡೆಯನ್ನು ಮೊದಲು ಎಡಗಾಲಿನದ್ದಾಗಿ, ಆಮೇಲೆ ಬಲಗಾಲಿನದ್ದಾಗಿ ಕೊಟ್ಟು ನೋಡಿದರು. ಎರಡು ಸಲವೂ ಇರುವೆ ಬಲಗಾಲನ್ನೇ ಎತ್ತಿತು.

ಆ ಯಂತ್ರಕ್ಕೆ ಪದ್ಧತಿಯ ಮನೆಯ ಸೊಸೆಯ ನಡಿಗೆ ಬಂದಿತ್ತು. ಪ್ರಬಂಧದಿಂದ ಹೆಸರು ತೆಗೆಯಬಹುದು, ನಡಿಗೆಯಿಂದ ತೆಗೆಯಲು ಆಗಿರಲಿಲ್ಲ.

ಶೈಲೇಶನ ಪರೀಕ್ಷೆಗಳಲ್ಲಿ ಇದು ಏಕೆ ಸಿಕ್ಕಲಿಲ್ಲ ಎಂಬುದೂ ಅವರಿಗೆ ಆ ಸಂಜೆಯೇ ಹೊಳೆಯಿತು. ಅವನು ಒಂದಿಷ್ಟು ಜೋಡಿಗಳನ್ನು ಮಾಡೆಲ್‌ಗೆ ತೋರಿಸದೆ ಎತ್ತಿಟ್ಟು, ಅವುಗಳ ಜೊತೆ ಹೋಲಿಸಿ ಅಂಕ ಕೊಟ್ಟಿದ್ದ. ಆ ಎತ್ತಿಟ್ಟವೂ ಸತ್ಯಭಾಮಾರವೇ. ಅವರ ಅಭ್ಯಾಸವನ್ನು ಅವರ ಅಭ್ಯಾಸದಿಂದಲೇ ಅಳೆದರೆ ತಪ್ಪು ಕಾಣುವುದು ಹೇಗೆ? ಅಲ್ಲದೆ ಶೈಲೇಶ್ ಕೂಡ ಅಂಥದೇ ಮನೆಯವನು. ಬಲಗಾಲು ಮೊದಲು ಬಂದರೆ ಅವನ ಕಣ್ಣಿಗೂ ಅದು ಬರಬೇಕಾದ ಹಾಗೆಯೇ ಬಂದದ್ದು. ಬೇರೆ ಯಾವ ಊರಿನವನಾದರೂ ಒಂದು ದಿನ ನೋಡಿಬಿಡುತ್ತಿದ್ದನೇನೋ.

ಮರುದಿನದಿಂದ ಊಟದ ಬಿಡುವಿನಲ್ಲಿ ಸತ್ಯಭಾಮಾ ತಮ್ಮ 4,312 ಜೋಡಿಗಳನ್ನು ಒಂದೊಂದಾಗಿ ತೆರೆದು, ಎಷ್ಟರಲ್ಲಿ ತಾವು ಕಾಲು ಬದಲಿಸಿದ್ದೆಂದು ನೋಟುಪುಸ್ತಕದಲ್ಲಿ ಗೀಟು ಹಾಕತೊಡಗಿದರು. ಐದು ಗೀಟಿಗೆ ಒಂದು ಕಟ್ಟು. ಇಪ್ಪತ್ತೊಂಬತ್ತು ದಿನ ಹಿಡಿಯಿತು. ಶೈಲೇಶನಿಗೆ ಏನೂ ಹೇಳಲಿಲ್ಲ.

ಆಗ ಸ್ಟುಡಿಯೊಗೆ ಒಂದು ದೊಡ್ಡ ಸರಣಿಯ ಮಾತುಕತೆ ನಡೆದಿತ್ತು, ಇರುವೆಗಳ ಒಂದು ಸೈನ್ಯದ ಕತೆ. ಅದರ ನಿರ್ದೇಶಕ ಅಂಬಾದಾಸ ಸೋಲಾಪುರದ ಕಡೆಯವರು; ಹದಿನೈದು ವರ್ಷ ನಿಜವಾದ ಸೈನ್ಯದಲ್ಲಿದ್ದು ಬಂದು ಮಕ್ಕಳಿಗಾಗಿ ಕತೆ ಬರೆಯತೊಡಗಿದವರು. ಗುರುವಾರಕ್ಕೊಮ್ಮೆ ಮಹಾಪೆಗೆ ಬರುತ್ತಿದ್ದರು. ಕೆಳಗಿನ ಮಹಡಿಯಲ್ಲಿ ಕನ್ನಡ ಆಡುವವರೊಬ್ಬರಿದ್ದಾರೆ ಎಂದು ಗೊತ್ತಾದ ಮೇಲೆ ಚಹಾಕ್ಕೆ ಸತ್ಯಭಾಮಾರ ಮೇಜಿನ ಹತ್ತಿರ ಬಂದು ಕೂರುತ್ತಿದ್ದರು. ಮಾಡೆಲ್‌ನ ಪ್ರದರ್ಶನ ಸೆಪ್ಟೆಂಬರ್ 12ಕ್ಕೆ ಎಂದು ಗೊತ್ತಾಗಿತ್ತು. ಇರುವೆಗಳು ಬೆಲ್ಲದ ಹಿಂದೆ ಓಡುವ ದೃಶ್ಯ ತೋರಿಸುವುದಾಗಿ ಶೈಲೇಶ್ ಹೇಳಿದ್ದ.

"ಬಾಯಾರ, ನೀವ ಹೇಳ್ರಿ," ಎಂದರು ಅಂಬಾದಾಸ ಒಂದು ಗುರುವಾರ. "ಯಾವ ಸೀನ್ ಕೇಳಿದ್ರ ಇವರ ಮಷೀನಿನ ಖರೇ ತಾಕತ್ತು ತಿಳೀತದ?"

ಸತ್ಯಭಾಮಾ ಒಂದು ಗುಟುಕು ಚಹಾ ಕುಡಿದು ಹೇಳಿದರು. "ಪರೇಡ್ ಕೇಳಿ ಸರ್. ಸೆನ್ಸರಿನ ಅಂಗಿ ನೀವೇ ಹಾಕಿ ನಡೀರಿ. ಪರದೆಯಲ್ಲಿ ಮೇಲೆ ನೀವು, ಕೆಳಗೆ ಇರುವೆಗಳ ಸಾಲು, ಎರಡೂ ಒಟ್ಟಿಗೆ ಬರ್ಲಿ."

"ಪರೇಡ್ ಅಂದ್ರ ನನ್ನ ಕಣ್ಣು ತಪ್ಪಸೂದು ಕಠಿಣ ಐತಿ ನೋಡ್ರಿ."

"ಅದು ಗೊತ್ತುಂಟು," ಎಂದರು ಸತ್ಯಭಾಮಾ.

ಆಗಸ್ಟ್ ಕೊನೆಯ ಭಾನುವಾರ ಶೈಲೇಶನ ಗೃಹಪ್ರವೇಶ. ಟಿಟ್ವಾಳಾದಲ್ಲಿಯೇ, ಸ್ಟೇಷನ್ನಿನಿಂದ ಒಂದೂವರೆ ಕಿಲೋಮೀಟರು ದೂರದ ಹೊಸ ಕಟ್ಟಡದಲ್ಲಿ ಫ್ಲ್ಯಾಟು. ಅವನು ಮನೆಗೇ ಬಂದು ಕರೆದುಹೋಗಿದ್ದ. ಸತ್ಯಭಾಮಾ ಹೋಗುವುದಿಲ್ಲ ಎಂದಿದ್ದರು. ಲೀಲಾಧರರು ತೀರಿಕೊಂಡ ಮೇಲೆ ಆ ಮನೆಗೆ ಹಿರಿಯರೆಂದು ಯಾರಿದ್ದಾರೆ ಎಂದು ಮಧ್ವರಾಜ ಹಟ ಹಿಡಿದು ಕರೆದುಕೊಂಡು ಹೋದರು. ಹೊಸಿಲಿನ ಹತ್ತಿರ ಪುರೋಹಿತರು ಬಲಗಾಲು, ಬಲಗಾಲು ಎನ್ನುತ್ತಿದ್ದರು. ಶೈಲೇಶನೂ ಹೆಂಡತಿ ಶ್ರದ್ಧಾಳೂ ಒಟ್ಟಿಗೆ ಒಳಗೆ ಹೋದರು. ಅದನ್ನು ನೋಡುತ್ತ ಸತ್ಯಭಾಮಾರಿಗೆ ನಗು ಬಂತು. ಸೆರಗಿನಿಂದ ಬಾಯಿ ಒರೆಸಿಕೊಂಡರು.

ಬಡಿಸುವಾಗ ಶ್ರದ್ಧಾ ಅವರ ಎಲೆಯ ಮುಂದೆ ಬಗ್ಗಿ, ಇನ್ನೊಂದು ಸೌಟು ಪಾಯಸ ಹಾಕಿದಳು. ಅವಳಿಗೆ ಆಫೀಸಿನ ಸಂಗತಿ ಏನೂ ಗೊತ್ತಿರಲಿಲ್ಲ.

"ಇವರು ಈಗ್ಲೂ ಹೇಳ್ತಾರೆ ಅಕ್ಕ. ನಾನು ಮಾಡಿದ್ದು ಅಂತ ಎಂತದ್ದೂ ಇಲ್ಲ, ಮಷೀನಿಗೆ ಕಲಿಸಿದ್ದು ಪೂರ್ತಿ ಸತ್ಯಕ್ಕನ ಕೈ ಅಂತ."

ಸತ್ಯಭಾಮಾ ಪಾಯಸ ಮುಟ್ಟಲಿಲ್ಲ. ತಿಳಿಯದೆ ಮಾಡಿದ್ದಿರಬಹುದು ಎಂದು ಅಲ್ಲಿಯ ತನಕ ಅವರ ಮನಸ್ಸಿನ ಒಂದು ಮೂಲೆ ಹೇಳುತ್ತಿತ್ತು. ಅವನಿಗೆ ತಿಳಿದಿತ್ತು, ಮನೆಯಲ್ಲಿ ಹೇಳುತ್ತಿದ್ದ. ಹೆಂಡತಿಯ ಎದುರು ಹೇಳಲು ಬರುವ ಮಾತು ಹನ್ನೆರಡು ಪುಟದಲ್ಲಿ ಒಂದು ಸಾಲಾಗಿ ಬಂದಿರಲಿಲ್ಲ.

ತಿರುಗಿ ಬರುವಾಗ ಗಾಡಿ ಖಾಲಿಯಿತ್ತು. ಇಬ್ಬರೂ ಎದುರುಬದುರು ಕೂತಿದ್ದರು. ಪರೇಡಿನ ಸಂಗತಿ ಸತ್ಯಭಾಮಾ ಗಂಡನಿಗೆ ಅಂದು ಪೂರ್ತಿ ಹೇಳಿದರು. ಮಧ್ವರಾಜ, ಹುಡುಗನಿಗೆ ಒಂದು ಮಾತು ಮೊದಲೇ ಹೇಳಿಬಿಡು, ತಿದ್ದಿಕೊಳ್ಳಲಿ ಎಂದರು. ಈಗಷ್ಟೇ ಅವನ ಮನೆಯ ಎಲೆಯಲ್ಲಿ ಊಟ ಮಾಡಿದ್ದೇವೆ ಎಂದರು.

"ಮನೆಯಲ್ಲಿ ಹೇಳಿದ್ದನ್ನು ಅವನು ಆಫೀಸಲ್ಲಿ ಹೇಳ್ಲಿ. ಮತ್ತೆ ನಾನೂ ಹೇಳ್ತೇನೆ."

"ಹೇಳದಿದ್ರೆ?"

"ಹೇಳಿಸ್ತೇನೆ."

ಮಧ್ವರಾಜ ಕಿಟಕಿಯ ಹೊರಗೆ ನೋಡತೊಡಗಿದರು.

ಸೆಪ್ಟೆಂಬರ್ 8, ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಪರೇಡಿನ ತುಣುಕು ಪರಿಶೀಲನೆಗೆಂದು ಸತ್ಯಭಾಮಾರ ಪರದೆಗೆ ಬಂತು. ಮೇಲೆ ಅಂಬಾದಾಸರ ನಡೆ, ಎದೆ ಎತ್ತಿ, ಎಡಗಾಲು ಮೊದಲು. ಕೆಳಗೆ ಹನ್ನೆರಡು ಇರುವೆಗಳ ಸಾಲು, ಅವರದ್ದೇ ಎದೆ, ಅವರದ್ದೇ ಗತ್ತು, ಹನ್ನೆರಡೂ ಬಲಗಾಲು ಮೊದಲು. ಉಳಿದೆಲ್ಲ ಅಚ್ಚುಕಟ್ಟಾಗಿತ್ತು. ಯಾವ ಕಾಲೂ ನೆಲದ ಮೇಲೆ ಜಾರುತ್ತಿರಲಿಲ್ಲ. ಪರದೆಯ ಕೆಳಗೆ ಎರಡು ಗುಂಡಿಗಳಿದ್ದವು, ಸರಿ ಮತ್ತು ತಪ್ಪು. ತಪ್ಪು ಒತ್ತಿದರೆ ಕಾರಣ ಬರೆಯುವ ಜಾಗ ತೆರೆಯುತ್ತದೆ. ಒಂದು ಸಾಲು ಬರೆದಿದ್ದರೆ ಶೈಲೇಶನಿಗೆ ತಿದ್ದಲು ನಾಲ್ಕು ದಿನ ಸಿಗುತ್ತಿತ್ತು. ಸತ್ಯಭಾಮಾ ಸರಿ ಒತ್ತಿದರು. ಹನ್ನೊಂದು ವರ್ಷದಲ್ಲಿ ಗೊತ್ತಿದ್ದೂ ಅವರು ಹಾಕಿದ ಸುಳ್ಳು ಗುರುತು ಅದೊಂದೇ. ಒತ್ತಿ, ಎದ್ದು ಹೋಗಿ ಕೈ ತೊಳೆದು ಬಂದರು.

ಸೆಪ್ಟೆಂಬರ್ 12, ಮಂಗಳವಾರ, ಬೆಳಗ್ಗೆ ಹನ್ನೊಂದು ಗಂಟೆ. ಮೇಲಿನ ಮಹಡಿಯ ಹಾಲಿನಲ್ಲಿ ಹದಿನಾಲ್ಕು ಮಂದಿ. ಸ್ಟುಡಿಯೊದ ಮುಖ್ಯಸ್ಥೆ ರಮಿತಾ ಮುಂದಿನ ಸಾಲಿನಲ್ಲಿ, ಅವರ ಪಕ್ಕ ಅಂಬಾದಾಸ. ಸತ್ಯಭಾಮಾ ಪರಿಶೀಲಕರೆಂದು ಹಿಂದಿನ ಸಾಲಿನಲ್ಲಿದ್ದರು. ಶೈಲೇಶ್ ಹೊಸ ನೀಲಿ ಅಂಗಿ ತೊಟ್ಟು ನಿಂತು, ಮನುಷ್ಯನ ದೇಹಕ್ಕೂ ಇರುವೆಯ ದೇಹಕ್ಕೂ ನಡುವೆ ಮಾಡೆಲ್ ಹೇಗೆ ತಾನಾಗಿಯೇ ಸಂಬಂಧ ಕಂಡುಕೊಂಡಿತು ಎಂದು ವಿವರಿಸಿದ. ತಾನಾಗಿಯೇ ಎಂಬ ಮಾತನ್ನು ಅವನು ಮೂರು ಸಲ ಹೇಳಿದ. ಆಮೇಲೆ ದೀಪ ಆರಿಸಿ ತುಣುಕು ಹಾಕಿದ.

ಅದು ಒಂಬತ್ತು ಸೆಕೆಂಡಿನದ್ದು. ಮುಗಿದ ಕೂಡಲೇ ಯಾರೋ ಚಪ್ಪಾಳೆ ತಟ್ಟಿದರು. ಅಂಬಾದಾಸ ಕೈ ಎತ್ತಿ, ಮತ್ತೊಮ್ಮೆ ಹಾಕಲು ಹೇಳಿದರು. ಎರಡನೆಯ ಸಲ ಮುಗಿದಾಗ ಎದ್ದು ನಿಂತರು. ಅವರು ಮೊದಲು ಮಾತಾಡಿದ್ದು ಹಿಂದಿಯಲ್ಲಿ, ಎಲ್ಲರಿಗೂ ತಿಳಿಯಲೆಂದು: ತಮ್ಮ ಪಲ್ಟನ್ನಿನಲ್ಲಿ ಹೀಗೆ ಹೊರಟವನು ಇಡೀ ಮೈದಾನ ಓಡಬೇಕಾಗುತ್ತಿತ್ತು, ಇಲ್ಲಿ ಹನ್ನೆರಡು ಮಂದಿ ಒಟ್ಟಿಗೆ ಹೊರಟಿದ್ದಾರೆ ಎಂದರು. ಆಮೇಲೆ ಶೈಲೇಶನ ಕಡೆ ತಿರುಗಿದರು.

"ನನ್ನ ಜನ್ಮದಾಗ ನಾನು ಬಲಗಾಲ ಮೊದಲ ಎತ್ತಿಲ್ಲಪಾ. ನನ್ನ ನಡಿಗಿ ಅಂತ ಇದನ್ನ ನನಗ ತೋರಸ್ತೀ?"

ಶೈಲೇಶ್ ಅದು ಸಣ್ಣ ತಪ್ಪು, ಈಗಲೇ ಸರಿಮಾಡಬಹುದು ಎಂದ. ಅಲ್ಲಿಯೇ ಕೂತು ಮಾಡೆಲ್ ಮತ್ತೆ ಓಡಿಸಿದ. ನಾಲ್ಕು ಸೆಕೆಂಡು, ಬಲಗಾಲು. ಅಂಬಾದಾಸರ ನಡೆಯನ್ನು ಕನ್ನಡಿಯಂತೆ ತಿರುಗಿಸಿ ಕೊಟ್ಟ. ಬಲಗಾಲು. ಬೇರೊಬ್ಬ ನಟನ ತುಣುಕು ಹುಡುಕಿ ಕೊಟ್ಟ, ಇರುವೆಯನ್ನು ತೆಗೆದು ಏಡಿ ಹಾಕಿದ. ಏಡಿ ಬಲಮಗ್ಗುಲಿನ ಮೊದಲ ಕಾಲೆತ್ತಿ ಮೆಲ್ಲಗೆ ಹೊರಟಿತು. ಯಾರೋ ನಕ್ಕರು. ಅವನ ನೀಲಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಹಿಂದಿನ ಸಾಲಿನಿಂದ ಸತ್ಯಭಾಮಾ ಅದನ್ನು ಕಣ್ಣು ಮಿಟುಕಿಸದೆ ನೋಡಿದರು. ನೋಡಿ ಸಂತೋಷಪಟ್ಟರು. ಅದನ್ನು ಅವರು ಯಾರ ಹತ್ತಿರವೂ ಎಂದೂ ಅಲ್ಲಗಳೆದಿಲ್ಲ.

ಇದಕ್ಕೆ ಇದನ್ನು ಕಲಿಸಿದ್ದು ಯಾರು ಎಂದು ರಮಿತಾ ಕೇಳಿದರು. ಮೆತ್ತಗೆಯೇ ಕೇಳಿದರು. ಶೈಲೇಶ್ ಪರದೆ ನೋಡಿದ, ನೆಲ ನೋಡಿದ, ಕೊನೆಗೆ ಹಿಂದಿನ ಸಾಲಿಗೆ ಬೆರಳು ತೋರಿಸಿದ. ಅವನ ಮಾತು ಹಿಂದಿಯಲ್ಲಿ ಬಂತು, ಆದರೆ ಅದರ ಒಂದೊಂದು ಶಬ್ದವನ್ನೂ ಸತ್ಯಭಾಮಾ ಆಮೇಲೆ ಮನೆಯಲ್ಲಿ ಕನ್ನಡದಲ್ಲಿ ಹೇಳಿದರು: ಮಾಡೆಲಿನದ್ದು ತಪ್ಪಿಲ್ಲ ಮೇಡಂ, ಡೇಟಾ ಪೂರ್ತಿ ಇವರದ್ದು, ಒಂದೊಂದು ಜೋಡಿಯೂ ಇವರ ಕೈಯಲ್ಲೇ ಆದದ್ದು, ನಾನು ಏನೂ ಮುಟ್ಟಿಲ್ಲ.

ತೊಂಬತ್ತು ದಿನ ಕಾದಿದ್ದ ಮಾತು ಅದು. ಬಂದದ್ದು ದೂರಿನ ರೂಪದಲ್ಲಿ.

ಸರಣಿ ಸ್ಟುಡಿಯೊದ ಕೈತಪ್ಪಿತು. ಪ್ರಬಂಧವನ್ನು ಹಿಂದಕ್ಕೆ ಪಡೆದರು. ಶೈಲೇಶ್ ದೀಪಾವಳಿಯ ಮೊದಲೇ ಮಾಜಿವಾಡಾದ ಬೇರೊಂದು ಕಂಪನಿಗೆ ಹೋದ. ಶನಿವಾರದ ಊಟಕ್ಕೆ ಮತ್ತೆ ಬರಲಿಲ್ಲ. ಶ್ರದ್ಧಾ ಒಮ್ಮೆ ಫೋನು ಮಾಡಿದ್ದಳು, ಸತ್ಯಭಾಮಾ ಎತ್ತಲಿಲ್ಲ. ತಪ್ಪಿನ ಬಗ್ಗೆ ಸ್ಟುಡಿಯೊ ಒಂದು ವರದಿ ಬರೆಸಿತು. ಕಾರಣ ಎಂಬ ಶೀರ್ಷಿಕೆಯ ಕೆಳಗೆ ಮೊದಲ ಸಾಲಿನಲ್ಲಿಯೇ ಇದೆ: ಎಲ್ಲ 4,312 ಜೋಡಿಗಳನ್ನು ಮಾಡಿದವರು ಸತ್ಯಭಾಮಾ. ಅವರ ಹೆಸರು ಅಚ್ಚಾದ ಕಾಗದ ಅದೊಂದೇ. ಅದರ ಒಂದು ಪ್ರತಿಯನ್ನು ಮಗಳ ಜನ್ಮಪತ್ರದ ಜೊತೆ ಇಟ್ಟಿದ್ದಾರೆ. ಜೋಡಿಗಳನ್ನೆಲ್ಲ ತಿದ್ದಿಕೊಡಿ, ಇನ್ನೆರಡು ವರ್ಷ ಇಟ್ಟುಕೊಳ್ಳುತ್ತೇವೆ ಎಂದು ರಮಿತಾ ಕೇಳಿದಾಗ, ಅದನ್ನು ಬೇರೆ ಯಾರಾದರೂ ಮಾಡಿಯಾರು ಎಂದು ಉತ್ತರ ಕೊಟ್ಟು ಸೆಪ್ಟೆಂಬರ್ 30ಕ್ಕೇ ಹೊರಬಂದರು. ಈಗ ಬೆಳಗ್ಗೆ ಹೋಟೆಲಿನ ಕೌಂಟರಿನಲ್ಲಿ ಕೂರುತ್ತಾರೆ, ಮಧ್ಯಾಹ್ನ ಕಲ್ಯಾಣದ ಒಂದು ಕ್ಲಾಸಿನಲ್ಲಿ ಹನ್ನೊಂದನೆಯ ತರಗತಿಯವರಿಗೆ ಭೌತಶಾಸ್ತ್ರ ಹೇಳಿಕೊಡುತ್ತಾರೆ. ಚಲನೆಯ ಪಾಠ ಬಂದಾಗ ಚೆನ್ನಾಗಿ ಮಾಡುತ್ತಾರಂತೆ. ಮಧ್ವರಾಜ ಆ ಶುಕ್ರವಾರದ ಗುಂಡಿಯ ಮಾತು ಎತ್ತಿದರೆ ಸತ್ಯಭಾಮಾ ಎದ್ದು ಒಳಗೆ ಹೋಗುತ್ತಾರೆ.

ಆದರೆ ಆ ಮಂಗಳವಾರ, ಶೈಲೇಶನ ಬೆರಳು ಇನ್ನೂ ತಮ್ಮ ಕಡೆಗಿರುವಾಗ, ಅವರು ಎದ್ದು ನಿಂತಿದ್ದರು. ಹಾಲಿನಲ್ಲಿದ್ದ ಎಲ್ಲರೂ ತಿರುಗಿ ನೋಡಿದರು. ರಮಿತಾ, ಅವರ ತಪ್ಪನ್ನು ಆದಷ್ಟು ಚಿಕ್ಕದು ಮಾಡುವ ದಾಕ್ಷಿಣ್ಯದಿಂದ, ಅಷ್ಟೆಲ್ಲ ಜೋಡಿಗಳಲ್ಲಿ ನೀವು ಹೀಗೆ ಕಾಲು ಬದಲಿಸಿದ್ದು ಎಷ್ಟಿರಬಹುದು, ಹತ್ತೋ ಇಪ್ಪತ್ತೋ ಎಂದು ಕೇಳಿದರು. ಸತ್ಯಭಾಮಾ ನೋಟುಪುಸ್ತಕ ತೆರೆಯಲಿಲ್ಲ. ಸೆರಗು ಸರಿಮಾಡಿಕೊಂಡು, ಶೈಲೇಶನನ್ನೇ ನೋಡುತ್ತ, ಕೊನೆಯ ಕುರ್ಚಿಯವರಿಗೂ ಕೇಳುವ ಹಾಗೆ ಹೇಳಿದರು:

"ಎರಡು ಸಾವಿರದ ನೂರ ಮೂವತ್ತೊಂಬತ್ತು."